ಮಿಷನ್ ತೋರಿಸಿದಲ್ಲಿ ಅಗೆದೆವು, ಪೈಪ್ ಗಟ್ಟಿಯಾಗಿಯೇ ಇತ್ತು

ಕಲಬುರಗಿಯಿಂದ ಸೇಡಂ ಕಡೆ ಹೋಗುವ ದಾರಿಯ ಪಕ್ಕ ಒಂದು ಖಾಸಗಿ ಬಡಾವಣೆ ಇದೆ. ಅದರ ನೀರಿನ ಲೈನಿನಲ್ಲಿ ಈ ಬೇಸಿಗೆ ಎರಡು ಗುಂಡಿಗಳನ್ನು ಸುಮ್ನೆ ತೋಡಿದೆವು. ಮೂರನೆಯದರಲ್ಲಿ ಲೀಕೇಜ್ ಸಿಕ್ಕಿತು. ಸದ್ದು ಕೇಳಿ ಸೋರಿಕೆ ಹುಡುಕುವ ಮಿಷನ್ ನಮ್ಮ ಹತ್ತಿರ ಇತ್ತು. ಅದು ಕೆಟ್ಟಿರಲಿಲ್ಲ. ನಾವು ಅದಕ್ಕೆ ಕೊಟ್ಟ ಒಂದು ಸಂಖ್ಯೆ ತಪ್ಪಿತ್ತು.

ಅದೇ ಲೈನಿನಲ್ಲಿ ಇನ್ನೊಂದು ತೊಂದರೆಯೂ ಇತ್ತು. ಪೈಪಿನ ನೀರಿನ ಮೂಲಕವೇ ಸದ್ದು ಕಳಿಸಿ ಮಾಹಿತಿ ಮುಟ್ಟಿಸುವ ಒಂದು ಪೆಟ್ಟಿಗೆಯನ್ನು ನಾವೇ ಕೂಡಿಸಿ ಇಟ್ಟಿದ್ದೆವು. ಅದು ಒಂದು ದಿನ ಅರ್ಥವಿಲ್ಲದ ಲೆಕ್ಕ ಕಳಿಸತೊಡಗಿತು. ಎರಡನ್ನೂ ಹೇಗೆ ಪತ್ತೆ ಮಾಡಿದೆವು ಅಂತ ಇಲ್ಲಿ ಬರೆಯುತ್ತೇನೆ. ನಾವು ಮಾಡಿದ ತಪ್ಪುಗಳನ್ನೂ ಸೇರಿಸಿಯೇ ಬರೆದಿದ್ದೇನೆ, ಯಾಕಂದ್ರೆ ಈ ಕೆಲಸದಲ್ಲಿ ಎಲ್ಲರೂ ಎಡವುವುದು ಅದೇ ಕಲ್ಲಿಗೆ.

ಲೈನ್ ಹೇಗಿದೆ

ಪಂಪ್‌ಹೌಸಿನಿಂದ ಓವರ್‌ಹೆಡ್ ಟ್ಯಾಂಕಿಗೆ 200 ಮಿ.ಮೀ. ಡಿ.ಐ. (ಡಕ್ಟೈಲ್ ಐರನ್, ಒಂದು ಜಾತಿಯ ಎರಕದ ಕಬ್ಬಿಣ) ಪೈಪ್ ಹೋಗಿದೆ. ಪಂಪ್‌ಹೌಸ್ ದಾಟಿ 100 ಮೀಟರಿಗೆ ಒಂದನೇ ಚೇಂಬರ್. ಅಲ್ಲಿಂದ 400 ಮೀಟರಿಗೆ ಎರಡನೇ ಚೇಂಬರ್. ಅದರಾಚೆ 350 ಮೀಟರಿಗೆ ಟ್ಯಾಂಕ್. ಎರಡು ಚೇಂಬರಿನ ನಡುವೆ ನೆಲ ಏರುತ್ತದೆ. ದಿಬ್ಬದ ತುದಿಯಲ್ಲಿ ಪೈಪಿನೊಳಗಿನ ಗಾಳಿ ಹೊರಬಿಡುವ ಏರ್ ವಾಲ್ವ್ ಇದೆ. ದಿಬ್ಬ ಇಳಿದರೆ ಒಂದು ನಾಲಾ, ನಾಲಾ ದಾಟಿದ ಮೇಲೆ ಎರಡನೇ ಚೇಂಬರ್. ಪೈಪ್ ಟ್ಯಾಂಕಿನ ತಳಕ್ಕೆ ಸೇರುತ್ತದೆ. ಹಾಗಾಗಿ ಮೋಟರ್ ನಿಂತರೂ ಲೈನಿನಲ್ಲಿ ಸುಮಾರು ಒಂದೂವರೆ ಕಿಲೋ (ಚದರ ಸೆಂಟಿಮೀಟರಿಗೆ) ಒತ್ತಡ ಇರುತ್ತದೆ. ಇದು ನಮಗೆ ಅನುಕೂಲವೇ ಆಯಿತು. ಒತ್ತಡ ಒಂದು ಕಿಲೋಗಿಂತ ಕೆಳಗಿದ್ದರೆ ಸೋರಿಕೆಯ ಸದ್ದು ಕೇಳುವುದು ಬಹಳ ಕಷ್ಟ.

ಎರಡೂ ಚೇಂಬರಿನಲ್ಲಿ ಒಂದೊಂದು ಹೈಡ್ರೋಫೋನ್, ಅಂದರೆ ನೀರಿನೊಳಗೆ ಮುಳುಗಿ ಕೇಳುವ ಮೈಕು. ಪೈಪಿನ ಹೊರಗೆ ಅಂಟಿಸುವ ಮ್ಯಾಗ್ನೆಟ್ ಸೆನ್ಸರೂ ಬರುತ್ತದೆ. ಕಬ್ಬಿಣದ ಪೈಪಿಗೆ ಅದು ಸಾಕು. ಅಂಟಿಸುವ ಮೊದಲು ತುಕ್ಕು, ಡಾಂಬರಿನ ಬಣ್ಣ ಎಲ್ಲ ಕೆರೆದು ಲೋಹ ಕಾಣುವಂತೆ ಮಾಡಬೇಕು ಅಷ್ಟೇ. ಆದರೆ ಲೈನಿನಲ್ಲಿ ಪ್ಲಾಸ್ಟಿಕ್ ಬಂದರೆ ಹೈಡ್ರೋಫೋನೇ ಬೇಕು. ಕಬ್ಬಿಣದಲ್ಲಿ ಸೋರಿಕೆ 'ಸುಸ್' ಅನ್ನುತ್ತದೆ, 500 ಹರ್ಟ್ಸ್‌ಗಿಂತ ಮೇಲಿನ ಸದ್ದೂ ಚೆನ್ನಾಗಿ ಬರುತ್ತದೆ. ಪ್ಲಾಸ್ಟಿಕ್‌ನಲ್ಲಿ ಮೇಲಿನ ಸದ್ದನ್ನೆಲ್ಲ ಪೈಪಿನ ಗೋಡೆಯೇ ನುಂಗಿಬಿಡುತ್ತದೆ. ಉಳಿಯುವುದು 200 ಹರ್ಟ್ಸ್ ಆಸುಪಾಸಿನ ಮಂದ ಗೊಣಗು ಮಾತ್ರ.

ಕೆಲಸದ ತತ್ವ ಸರಳ. ಸೋರುವ ಜಾಗದಿಂದ ಸದ್ದು ಎರಡೂ ಕಡೆ ಓಡುತ್ತದೆ. ಹತ್ತಿರದ ಮೈಕಿಗೆ ಮೊದಲು ಮುಟ್ಟುತ್ತದೆ, ದೂರದ್ದಕ್ಕೆ ಆಮೇಲೆ. ಕೋರಿಲೇಟರ್ ಅನ್ನುವ ಮಿಷನ್ ಎರಡೂ ಸದ್ದನ್ನು ಒಂದರ ಮೇಲೊಂದು ಜರುಗಿಸಿ ಎಲ್ಲಿ ಹೊಂದುತ್ತದೆ ಅಂತ ನೋಡಿ, ಎಷ್ಟು ತಡವಾಯಿತು ಅಂತ ಹೇಳುತ್ತದೆ. ಆ ತಡವನ್ನು ಸದ್ದಿನ ವೇಗದಿಂದ ಗುಣಿಸಿ, ಎರಡು ಮೈಕಿನ ನಡುವಿನ ದೂರದಿಂದ ಕಳೆದು, ಅರ್ಧ ಮಾಡಿದರೆ ಹತ್ತಿರದ ಮೈಕಿನಿಂದ ಸೋರಿಕೆ ಎಷ್ಟು ದೂರ ಅನ್ನುವುದು ಬರುತ್ತದೆ.

ಈ ಲೆಕ್ಕದಲ್ಲಿ ತಡವನ್ನು ಮಿಷನ್ ಅಳೆಯುತ್ತದೆ. ದೂರ ಮತ್ತು ವೇಗವನ್ನು ಕೊಡುವವರು ನಾವು. ದೂರದಲ್ಲಿ 10 ಮೀಟರ್ ತಪ್ಪಿದರೆ ಉತ್ತರ 5 ಮೀಟರ್ ತಪ್ಪುತ್ತದೆ. ಹಾಗಾಗಿ ಟೇಪನ್ನು ರಸ್ತೆಗುಂಟ ಹಿಡಿಯಬೇಡಿ, ಪೈಪ್ ಹೋದ ದಾರಿಗುಂಟ ಹಿಡಿಯಿರಿ. ವೇಗದ ಕಥೆ ಇಷ್ಟು ಸುಲಭ ಇಲ್ಲ.

ನೀರಿನಲ್ಲಿ ಸದ್ದಿನ ವೇಗವನ್ನು 1826ರಲ್ಲೇ ಜಿನೀವಾ ಸರೋವರದಲ್ಲಿ ಕೊಲಾಡಾನ್ ಅಳೆದಿದ್ದ. ನೀರಿನೊಳಗೆ ಗಂಟೆ ಬಾರಿಸಿ, ದೂರದ ದೋಣಿಯಲ್ಲಿ ಕೂತು ಕೇಳಿ, ಸೆಕೆಂಡಿಗೆ 1435 ಮೀಟರ್ ಅಂತ ಲೆಕ್ಕ ಹಾಕಿದ. ಅದು ತಣ್ಣನೆಯ ನೀರು. ನಮ್ಮ ಕಡೆ ಬೇಸಿಗೆಯ 30 ಡಿಗ್ರಿ ನೀರಿನಲ್ಲಿ ಸುಮಾರು 1510 ಇರುತ್ತದೆ. ಆದರೆ ಇದು ತೆರೆದ ನೀರಿನ ಮಾತು. ಪೈಪಿನೊಳಗೆ ಸದ್ದಿನ ಒತ್ತಡಕ್ಕೆ ಗೋಡೆ ಕೂದಲೆಳೆಯಷ್ಟು ಉಬ್ಬುತ್ತದೆ. ಉಬ್ಬಿದಷ್ಟೂ ಸದ್ದು ನಿಧಾನ. 1878ರಲ್ಲಿ ಕೊರ್ಟೆವೆಗ್ ಇದಕ್ಕೆ ಸೂತ್ರ ಕೊಟ್ಟ. ಪೈಪಿನ ವ್ಯಾಸ, ಗೋಡೆಯ ದಪ್ಪ, ಗೋಡೆ ಎಷ್ಟು ಬಿಗಿ ಅನ್ನುವ ಮೂರೂ ಅದರಲ್ಲಿ ಬರುತ್ತವೆ. ನಮ್ಮ 200 ಮಿ.ಮೀ. ಡಿ.ಐ. ಪೈಪಿಗೆ ಗೋಡೆ 6.3 ಮಿ.ಮೀ. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 1250 ಮೀಟರ್ ಬರುತ್ತದೆ. ಅದೇ ಅಳತೆಯ ದಪ್ಪ ಪಿವಿಸಿ ಪೈಪಿನಲ್ಲಿ ಸುಮಾರು 400. ಇನ್ನೂ ಮೆತ್ತಗಿನ ಪ್ಲಾಸ್ಟಿಕ್ಕಾದ ಎಚ್‌ಡಿಪಿಇ ಆದರೆ 250ರ ಹತ್ತಿರ. ಅಂದರೆ ಪ್ಲಾಸ್ಟಿಕ್ ಪೈಪಿನ ನೀರಿನಲ್ಲಿ ಸದ್ದು ಬರೀ ಗಾಳಿಯಲ್ಲಿ ಹೋಗುವಷ್ಟೇ ವೇಗಕ್ಕೆ ಇಳಿಯುತ್ತದೆ!

ಎರಡು ಗುಂಡಿ

ಒಂದನೇ ಚೇಂಬರಿನಿಂದ 35 ಮೀಟರಿನ ಹತ್ತಿರ ನೆಲ ಹಸಿಯಾಗಿತ್ತು. ಸುತ್ತ ಎರಿ ಮಣ್ಣು, ಅಂದರೆ ಕಪ್ಪು ಮಣ್ಣು, ಮೇ ತಿಂಗಳಲ್ಲಿ ಕೈ ತೂರುವಷ್ಟು ಬಿರುಕು. ನಾವು ರಾತ್ರಿ 2 ಗಂಟೆಗೆ ಮೋಟರ್ ಬಂದ್ ಮಾಡಿಸಿ ಕೇಳಿದೆವು. ವೇಗ 1250 ಅಂತ ಕೊಟ್ಟೆವು. ಮಿಷನ್ 249 ಮಿಲಿಸೆಕೆಂಡು ತಡ ತೋರಿಸಿ, 44 ಮೀಟರ್ ಅಂದಿತು. ಹಸಿ ನೆಲದ ಪಕ್ಕದಲ್ಲೇ ಅಲ್ವಾ! ಯಾರಿಗೂ ಅನುಮಾನ ಬರಲಿಲ್ಲ. ಬೆಳಿಗ್ಗೆ ಜೆಸಿಬಿ ಬಂತು. 44ರಲ್ಲಿ ಅಗೆದರೆ ಮಣ್ಣು ಕೆಸರು, ಪೈಪ್ ಮಾತ್ರ ಗಟ್ಟಿ.

ಮರುರಾತ್ರಿ ಮತ್ತೆ ಕೇಳಿದೆವು. ಈ ಸಲ 238 ಮಿಲಿಸೆಕೆಂಡು, 51 ಮೀಟರ್. ಬಡಾವಣೆಯಲ್ಲಿ ನೀರು ಬಿಡುವ ಕಾಕಾ ಬ್ಯಾಟರಿ ಹಿಡಿದು ಪಕ್ಕದಲ್ಲೇ ನಿಂತಿದ್ದರು.

"ಮಿಷನ್ ದಿನಾ ಒಂದೊಂದ್ ಜಾಗ ಹೇಳ್ಲಕ್ಕತ್ತದ ಏನ್ರಿ ಸರ್? ಲೀಕೇಜಿಗೇನ್ ಕಾಲ್ ಬಂದಾವಾ?"

ಅವರು ನಗಲಿಕ್ಕೆ ಕೇಳಿದರು. ಆದರೆ ಇಡೀ ಪತ್ತೆಯ ಕೀಲಿ ಆ ಮಾತಿನಲ್ಲೇ ಇತ್ತು. ಸೋರಿಕೆ ಜಾಗ ಬದಲಿಸುವುದಿಲ್ಲ, ದೂರವೂ ಬದಲಾಗುವುದಿಲ್ಲ. ಹಾಗಾದರೆ ಬದಲಾಗುತ್ತಿರುವುದು ಸದ್ದಿನ ವೇಗ ಒಂದೇ. ದಿನದಿಂದ ದಿನಕ್ಕೆ ವೇಗ ಹೀಗೆ ಆಡುತ್ತಿದ್ದರೆ ಅದಕ್ಕೆ ಕಾರಣ ಗಾಳಿ. ಬೇರೆ ಏನೂ ಅಲ್ಲ ಅಂತ ಹೇಳುವಷ್ಟು ಧೈರ್ಯ ನನಗಿದೆ. ನೀರಿನ ಬಿಸಿ ಒಂದು ಡಿಗ್ರಿ ಏರಿದರೆ ವೇಗ ಎರಡು ಮೂರು ಮೀಟರ್ ಏರುತ್ತದೆ ಅಷ್ಟೇ, ಅದು ಲೆಕ್ಕಕ್ಕೇ ಬರುವುದಿಲ್ಲ.

ಗಾಳಿ ಎಷ್ಟು ಕೆಡಿಸುತ್ತದೆ ಅಂದರೆ ನಂಬುವುದು ಕಷ್ಟ. ಸಾಮಾನ್ಯ ವಾತಾವರಣದ ಒತ್ತಡದಲ್ಲಿ ನೀರಿನೊಳಗೆ ನೂರಕ್ಕೆ ಒಂದು ಪಾಲು ಗುಳ್ಳೆ ಇದ್ದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 120 ಮೀಟರಿಗೆ ಇಳಿಯುತ್ತದೆ. ನೀರಿನಲ್ಲಿ 1500, ಗಾಳಿಯಲ್ಲಿ 340, ಎರಡೂ ಸೇರಿದರೆ 120! ನೀರು ಭಾರ ಕೊಡುತ್ತದೆ, ಗಾಳಿ ಮೆತ್ತಗಿರುತ್ತದೆ. ಭಾರವೂ ಮೆತ್ತನೆಯೂ ಸೇರಿದಾಗ ಸದ್ದು ತೆವಳುತ್ತದೆ. ಲೈನಿನ ಒತ್ತಡ ಹೆಚ್ಚಿದಷ್ಟೂ ಗುಳ್ಳೆ ಕುಗ್ಗುತ್ತದೆ, ಪರಿಣಾಮ ಕಡಿಮೆಯಾಗುತ್ತದೆ. ಅದಕ್ಕೇ ಎತ್ತರದ ಜಾಗದಲ್ಲಿ, ಒತ್ತಡ ಕಡಿಮೆ ಇರುವಲ್ಲಿ, ಗಾಳಿಯ ಕಾಟ ಜಾಸ್ತಿ.

ದಿಬ್ಬದ ಏರ್ ವಾಲ್ವ್ ನೋಡಲು ಹೋದೆವು. ಚೇಂಬರಿನ ಮೇಲಿನ ಶಹಾಬಾದ್ ಪರಸಿ ಒಡೆದು ಒಳಗೆ ಮಣ್ಣು ತುಂಬಿತ್ತು. ವಾಲ್ವಿನ ಚೆಂಡು ಸುಣ್ಣ ಹಿಡಿದು ಕಚ್ಚಿಕೊಂಡಿತ್ತು. ಬೇಸಿಗೆಯಲ್ಲಿ ಸಂಪಿನ ನೀರು ತಳ ಮುಟ್ಟಿದಾಗ ಮೋಟರ್ ನೀರಿನ ಜೊತೆ ಗಾಳಿಯನ್ನೂ ಎಳೆದು ದಬ್ಬುತ್ತದೆ. ಆ ಗಾಳಿ ದಿಬ್ಬಕ್ಕೆ ಬಂದು ಕೂರುತ್ತಿತ್ತು, ಹೊರಗೆ ಹೋಗಲು ದಾರಿ ಇರಲಿಲ್ಲ. ವಾಲ್ವ್ ಬಿಚ್ಚಿ ಚೆಂಡು ಬಿಡಿಸಿದಾಗ ಎಷ್ಟೋ ಹೊತ್ತು ಬರೀ ಗಾಳಿಯೇ ಬಂತು. ಆಮೇಲೆ ಹಾಲಿನಂಥ ಬಿಳಿ ನೀರು. ಕೊನೆಗೆ ತಿಳಿನೀರು. ಬಿಳಿ ನೀರು ನಿಲ್ಲುವವರೆಗೂ ಬಿಡಬೇಕು, ಅಲ್ಲೇ ಅವಸರ ಮಾಡಬಾರದು.

ಆ ರಾತ್ರಿ ತಡ 227 ಮಿಲಿಸೆಕೆಂಡು. ಮೂರು ಸಲ ಅಳೆದರೂ 227. ಜಾಗ 58 ಮೀಟರ್. ಈಗ ಮಿಷನ್ ಗಟ್ಟಿ ನೆಲದ ಮೇಲೆ ನಿಂತು ಮಾತಾಡುತ್ತಿದೆ ಅಂತ ಖುಷಿಪಟ್ಟು ಎರಡನೇ ಗುಂಡಿ ತೋಡಿಸಿದೆ. ಅಲ್ಲಿಯೂ ಹಸಿ ಮಣ್ಣು, ಗಟ್ಟಿ ಪೈಪ್. ಜೆಸಿಬಿಯವನು ಗಂಟೆ ಲೆಕ್ಕ ಬರೆದುಕೊಂಡು ಹೋದ. ಉತ್ತರ ಸ್ಥಿರವಾಗಿದೆ ಅಂದ ಮಾತ್ರಕ್ಕೆ ಸರಿಯಾಗಿದೆ ಅಂತ ಅಲ್ಲ. ಇದು ನನ್ನ ತಪ್ಪು, ಯಾರ ಮೇಲೂ ಹಾಕುವಂತಿಲ್ಲ.

ಹಸಿ ಮಣ್ಣು ಯಾಕೆ ಮೋಸ ಮಾಡಿತು ಅಂತ ಆಮೇಲೆ ತಿಳಿಯಿತು. ಪೈಪ್ ಹೂಳುವಾಗ ಟ್ರೆಂಚಿನಲ್ಲಿ ಮುರುಮು ತುಂಬಿರುತ್ತಾರೆ. ಎರಿ ಮಣ್ಣಿಗಿಂತ ಮುರುಮಿನಲ್ಲಿ ನೀರು ಬೇಗ ಹರಿಯುತ್ತದೆ. ದಿಬ್ಬದ ಇಳಿಜಾರಿನಲ್ಲಿ ಸೋರಿದ ನೀರು ಪೈಪಿನ ಪಕ್ಕದಲ್ಲೇ ಹಿಂದಕ್ಕೆ ಇಳಿದು, ದೊಡ್ಡ ಬಿರುಕು ಸಿಕ್ಕಲ್ಲಿ ಮೇಲೆ ಬಂದಿತ್ತು. ಎರಿ ನೆಲದಲ್ಲಿ ನೀರು ಕಂಡ ಜಾಗ ಬೇರೆ, ಸೋರುವ ಜಾಗ ಬೇರೆ. ನೆಲಕ್ಕೆ ಮೈಕ್ ಇಟ್ಟು ಕೇಳುವುದೂ ಬೇಸಿಗೆಯ ಬಿರುಕು ನೆಲದಲ್ಲಿ ಹೆಚ್ಚು ಪ್ರಯೋಜನವಿಲ್ಲ, ಸದ್ದು ಬಿರುಕು ದಾಟುವುದಿಲ್ಲ.

ಮೊದಲೇ ಮಾಡಬೇಕಿದ್ದ ಪರೀಕ್ಷೆ

ವೇಗವನ್ನು ಪುಸ್ತಕದಿಂದ ತೆಗೆದುಕೊಳ್ಳದೆ ಆ ಲೈನಿನಲ್ಲೇ ಅಳೆಯಬಹುದು. ಎರಡು ಮೈಕಿನ ಹೊರಗಡೆ, ಒಂದು ಬದಿಯಲ್ಲಿ, ಬೇಕಂತಲೇ ಒಂದು ಸದ್ದು ಮಾಡಬೇಕು. ನಾವು ಪಂಪ್‌ಹೌಸಿನ ಹತ್ತಿರದ ವಾಶೌಟ್ ವಾಲ್ವನ್ನು (ಲೈನ್ ತೊಳೆದು ನೀರು ಹೊರಬಿಡುವ ವಾಲ್ವ್) ಸ್ವಲ್ಪ ತಿರುವಿ ನೀರು ಚಿಮ್ಮುವಂತೆ ಬಿಟ್ಟೆವು. ಆ ಸದ್ದು ಮೊದಲು ಒಂದನೇ ಚೇಂಬರಿಗೆ ಬರುತ್ತದೆ, ಆಮೇಲೆ ಇಡೀ 400 ಮೀಟರ್ ಓಡಿ ಎರಡನೆಯದಕ್ಕೆ. ಹಾಗಾಗಿ ಮಿಷನ್ ತೋರಿಸುವ ತಡ ಅಂದರೆ 400 ಮೀಟರ್ ಓಡಲು ಹಿಡಿದ ಸಮಯ.

ಪೂರ್ತಿ ಡಿ.ಐ. ಪೈಪ್ ಆಗಿದ್ದರೆ 320 ಮಿಲಿಸೆಕೆಂಡು ಬರಬೇಕಿತ್ತು. ಬಂದಿದ್ದು 371. ಗಾಳಿ ತೆಗೆದ ಮೇಲೂ 51 ಮಿಲಿಸೆಕೆಂಡು ಎಲ್ಲೋ ಕಳೆದುಹೋಗುತ್ತಿದೆ.

ಸುತ್ತಿಗೆಯಿಂದ ಪೈಪಿಗೆ ಬಡಿದರೂ ಆಗುವುದಿಲ್ಲವೇ ಅಂತ ಕೇಳುವವರಿದ್ದಾರೆ. ಕಡಿಮೆ ದೂರಕ್ಕೆ ಆಗುತ್ತದೆ. ಆದರೆ ಡಿ.ಐ. ಪೈಪಿನ ಪ್ರತಿ ಜಾಯಿಂಟಿನಲ್ಲೂ ರಬ್ಬರ್ ರಿಂಗ್ ಇದೆ, ಲೋಹದಲ್ಲಿ ಓಡುವ ಸದ್ದು ಅಲ್ಲಲ್ಲೇ ಸಾಯುತ್ತದೆ. ಬಡಿತ ಒಂದು ಕ್ಷಣದ್ದು, ನೀರಿನ ಸದ್ದು ನಿಲ್ಲದೆ ಬರುತ್ತದೆ. ಮಿಷನ್‌ಗೆ ಸರಾಸರಿ ಮಾಡಲು ಸಮಯ ಸಿಗುತ್ತದೆ. ವಾಶೌಟೇ ಒಳ್ಳೆಯದು.

ಕಳೆದುಹೋದ 51 ಮಿಲಿಸೆಕೆಂಡು ಎಲ್ಲಿ? ಡಿ.ಐ.ನಲ್ಲಿ ಒಂದು ಮೀಟರಿಗೆ 0.8 ಮಿಲಿಸೆಕೆಂಡು ಬೇಕು. ಪಿವಿಸಿಯಲ್ಲಿ 2.5. ಅಂದರೆ ಎಲ್ಲೋ ಒಂದು ಮೀಟರ್ ಪಿವಿಸಿ ಸೇರಿದ್ದರೆ 1.7 ಮಿಲಿಸೆಕೆಂಡು ಹೆಚ್ಚುತ್ತದೆ. 51ನ್ನು 1.7ರಿಂದ ಭಾಗಿಸಿದರೆ 30. ಮೂವತ್ತು ಮೀಟರ್ ಪ್ಲಾಸ್ಟಿಕ್ ಇದೆ ಅಂತಾಯಿತು. ನಕ್ಷೆಯಲ್ಲಿ ಅದರ ಸುಳಿವಿಲ್ಲ. ಕಾಕಾನ ಕೇಳಿದೆ.

"ಹೋದ್ ವರ್ಷ ಮಳಿಗಾಲ್ದಾಗ ನಾಲಾದಾಗಿನ ಪೈಪ್ ಒಡದಿತ್ತಲ್ರೀ. ಕಬ್ಬಿಣದ್ದು ಲಗೂನ ಸಿಗಲಿಲ್ಲ ಅಂತ ಐದು ಪ್ಲಾಸ್ಟಿಕ್ ಪೈಪ್ ಕೂಡ್ಸ್ಯಾರ್ರೀ. ನಕ್ಷಾದಾಗ ಯಾರ್ ಬರೀತಾರ್ರಿ ಅದ?"

ಐದು ಪೈಪ್, ಒಂದೊಂದು 6 ಮೀಟರ್. ಮೂವತ್ತಕ್ಕೆ ಮೂವತ್ತು. ಆ ರಾತ್ರಿ ಆದ ಸಂತೋಷವನ್ನು ಬರೆದು ಹೇಳಲಾರೆ. ಮೊದಲನೇ ದಿನವೇ ಕಾಕಾನ ಜೊತೆ ಕೂತು ಚಹಾ ಕುಡಿದು ಲೈನಿನ ಚರಿತ್ರೆ ಕೇಳಿದ್ದರೆ ಎರಡು ಗುಂಡಿ ಉಳಿಯುತ್ತಿದ್ದವು ಅನ್ನುವುದೂ ಅಷ್ಟೇ ನಿಜ.

ಇಲ್ಲೊಂದು ಬಲೆ ಇದೆ, ಎಚ್ಚರ. 400 ಮೀಟರಿಗೆ 371 ಮಿಲಿಸೆಕೆಂಡು ಅಂದರೆ ಸರಾಸರಿ ವೇಗ 1078. ಅದನ್ನೇ ಮಿಷನ್‌ಗೆ ಕೊಟ್ಟರೆ ಆಯಿತಲ್ಲ ಅಂತ ನನ್ನ ಜೊತೆಗಿದ್ದ ಹುಡುಗ ಅಂದ. ಕೊಟ್ಟರೆ 78 ಮೀಟರ್ ಬರುತ್ತದೆ, ಅದೂ ತಪ್ಪು. ಸರಾಸರಿ ವೇಗ ನಡೆಯುವುದು ಪ್ಲಾಸ್ಟಿಕ್ ಇಡೀ ಲೈನಿನಲ್ಲಿ ಸಮನಾಗಿ ಹರಡಿದ್ದರೆ ಮಾತ್ರ. ನಮ್ಮ ಪ್ಲಾಸ್ಟಿಕ್ ಎಲ್ಲಾ ನಾಲಾದಲ್ಲೇ ಇದೆ, ಸೋರಿಕೆಗಿಂತ ಆಚೆ, ಎರಡನೇ ಚೇಂಬರಿನ ಕಡೆ. ಆ ಕಡೆ ಓಡಿದ ಸದ್ದು ಮಾತ್ರ ತಡವಾಗುತ್ತಿದೆ. ಹಾಗಾಗಿ 227ರಲ್ಲಿ 51 ಕಳೆಯಬೇಕು, 176 ಉಳಿಯಿತು. ಅದನ್ನು 1250ರಿಂದ ಗುಣಿಸಿದರೆ 220 ಮೀಟರ್. 400ರಲ್ಲಿ 220 ಹೋದರೆ 180, ಅದರ ಅರ್ಧ 90.

ಬಹಳಷ್ಟು ಕೋರಿಲೇಟರ್‌ಗಳಲ್ಲಿ ಪೈಪನ್ನು ತುಂಡು ತುಂಡಾಗಿ, ಯಾವ ಜಾತಿ ಎಷ್ಟು ಮೀಟರ್ ಅಂತ ಬರೆಯಲು ಜಾಗ ಇರುತ್ತದೆ. ಅದನ್ನೇ ಬಳಸಿ. ಪ್ಲಾಸ್ಟಿಕ್ ಹತ್ತಿರದ ಮೈಕಿನ ಕಡೆ ಇದ್ದರೆ ಕಳೆಯುವ ಬದಲು ಕೂಡಿಸಬೇಕಾಗುತ್ತದೆ, ಅದು ನೆನಪಿರಲಿ.

90 ಮೀಟರಿನಲ್ಲಿ ಅಗೆದಾಗ ಎರಡು ಪೈಪ್ ಸೇರುವ ಕಡೆ ರಬ್ಬರ್ ರಿಂಗ್ ಅರ್ಧ ಹೊರಗೆ ಬಂದಿತ್ತು. ಎರಿ ನೆಲ ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಪೈಪನ್ನು ವರ್ಷ ವರ್ಷ ಜಗ್ಗುತ್ತದೆ. ನಾವು ಗುರುತು ಹಾಕಿದ ಕಡೆಯಿಂದ ಜಾಯಿಂಟ್ ಒಂದು ಮಾರು ಆಚೆ ಇತ್ತು, ಅಷ್ಟೇ.

ಮಿಷನ್ ಬೇರೆ ರೀತಿ ಸುಳ್ಳು ಹೇಳಿದರೆ

ಈ ಲೈನಿನಲ್ಲಿ ಅಲ್ಲದಿದ್ದರೂ ಬೇರೆ ಕಡೆ ನಾನು ಕಂಡಿದ್ದು ಇವು. ಬೇಗ ಹೇಳಿ ಮುಗಿಸುತ್ತೇನೆ.

ಸೋರಿಕೆ ಸರಿಯಾಗಿ ಎರಡು ಮೈಕಿನ ನಟ್ಟ ನಡುವೆ ಇದೆ ಅಂತ ಮಿಷನ್ ಹೇಳಿದರೆ ಅಗೆಯಬೇಡಿ. ತಡ ಸೊನ್ನೆ ಅಂದರೆ ಎರಡೂ ಮೈಕಿಗೆ ಒಂದೇ ಕ್ಷಣಕ್ಕೆ ಏನೋ ಮುಟ್ಟುತ್ತಿದೆ. ಅದು ಬಹಳ ಸಲ ಕರೆಂಟಿನ ಗುಂಯ್‌ಗುಡುವಿಕೆ, 50 ಹರ್ಟ್ಸ್ ಮತ್ತು ಅದರ ಪಟ್ಟುಗಳು. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಇದೆಯೇ, ಕೇಬಲ್ಲಿನ ಕನೆಕ್ಟರಿನೊಳಗೆ ನೀರು ಹೋಗಿದೆಯೇ ನೋಡಿ. ನಿಜವಾಗಿ ನಡುವೆಯೇ ಸೋರುತ್ತಿದ್ದರೆ ಒಂದು ಮೈಕನ್ನು ಬೇರೆ ಕಡೆ ಇಟ್ಟರೂ ಅದೇ ನೆಲ ತೋರಿಸುತ್ತದೆ. ಕರೆಂಟಿನ ಸದ್ದಾದರೆ ಹೊಸ ನಡುಭಾಗಕ್ಕೆ ಜಿಗಿಯುತ್ತದೆ.

ಸೋರಿಕೆ ಒಂದು ಮೈಕಿನ ಕಾಲಡಿಯಲ್ಲೇ ಇದೆ ಅಂದರೆ ಸದ್ದು ಹೊರಗಿನಿಂದ ಬರುತ್ತಿದೆ. ಮೋಟರ್ ಇರಬಹುದು. 2900 ಸುತ್ತಿನ ಮೋಟರ್ ಸುಮಾರು 48 ಹರ್ಟ್ಸ್ ಕೊಡುತ್ತದೆ, ನೀರು ದಬ್ಬುವ ಚಕ್ರಕ್ಕೆ (ಇಂಪೆಲ್ಲರ್) ಆರು ಎಲೆ ಇದ್ದರೆ 290 ಹರ್ಟ್ಸ್ ಕೂಡ. ಅರ್ಧ ಮುಚ್ಚಿದ ವಾಲ್ವ್ ಕೂಡ ಸೋರಿಕೆಯಂತೆಯೇ ಸದ್ದು ಮಾಡುತ್ತದೆ.

ಎರಡು ಮೈಕನ್ನು ಅದಲು ಬದಲು ಮಾಡಿ ಇನ್ನೊಮ್ಮೆ ಕೇಳುವುದು ನನ್ನ ಅಭ್ಯಾಸ. ನೆಲದ ಮೇಲಿನ ಗುರುತು ಅಲ್ಲೇ ಇದ್ದರೆ ಉಪಕರಣ ಸರಿ. ಗುರುತು ಆಚೆ ಬದಿಗೆ ಹಾರಿದರೆ ತಪ್ಪು ಉಪಕರಣದ್ದು. ರಾತ್ರಿಯಿಡೀ ರೆಕಾರ್ಡ್ ಮಾಡುವ ಲಾಗರ್‌ಗಳಾದರೆ ಗಡಿಯಾರ ನೋಡಿ. ಎರಡರ ನಡುವೆ 10 ಮಿಲಿಸೆಕೆಂಡು ವ್ಯತ್ಯಾಸ ಬಂದರೆ ನಮ್ಮಂಥ ಪೈಪಿನಲ್ಲಿ 6 ಮೀಟರ್ ತಪ್ಪು.

ಇನ್ನು ಹೈಡ್ರೋಫೋನ್ ಮೇಲಿಂದ ಮೇಲೆ ಸಾಯುತ್ತಿದ್ದರೆ ವಾಟರ್ ಹ್ಯಾಮರ್ ಮೇಲೆ ಅನುಮಾನ ಇರಲಿ. ಕರೆಂಟ್ ಹೋಗಿ ಮೋಟರ್ ಧುತ್ತನೆ ನಿಂತಾಗ ಒತ್ತಡದ ಅಲೆ ಏಳುತ್ತದೆ. ಸೆಕೆಂಡಿಗೆ ಒಂದು ಮೀಟರ್ ಹರಿಯುವ ನೀರು ಈ ಪೈಪಿನಲ್ಲಿ ಒಮ್ಮೆಲೇ ನಿಂತರೆ ಸುಮಾರು 12 ಕಿಲೋ ಒತ್ತಡ ಹೆಚ್ಚಾಗುತ್ತದೆ. ಅದೂ ಪೈಪಿನೊಳಗಿನ ಸದ್ದಿನ ಅಲೆಯೇ, ಅದೇ ವೇಗದಲ್ಲಿ ಓಡುತ್ತದೆ. ನಾವು ಕೇಳಲಿಕ್ಕೆ ಇಟ್ಟ ಮೈಕ್ ಅದಕ್ಕೆ ತಾಳುವುದಿಲ್ಲ.

ನೀರು ಹೇಳುವ ಸುದ್ದಿ ನಿಂತಾಗ

ಎರಡನೇ ಚೇಂಬರ್ ನಾಲಾದ ತಗ್ಗಿನಲ್ಲಿದೆ, ಮೊಬೈಲ್ ಸಿಗ್ನಲ್ ಬರುವುದಿಲ್ಲ. ಅದಕ್ಕೆ ಅಲ್ಲಿನ ಪೆಟ್ಟಿಗೆ ಗಂಟೆಗೊಮ್ಮೆ ಒತ್ತಡದ ಲೆಕ್ಕವನ್ನು ಸ್ವರ ಮಾಡಿ ನೀರಿಗೆ ಬಿಡುತ್ತದೆ. 520 ಹರ್ಟ್ಸ್ ಅಂದರೆ ಸೊನ್ನೆ, 700 ಅಂದರೆ ಒಂದು. ಟ್ಯಾಂಕಿನ ಬುಡದಲ್ಲಿ ಇನ್ನೊಂದು ಹೈಡ್ರೋಫೋನ್ ಕೇಳಿಸಿಕೊಂಡು ಸಿಮ್ ಇರುವ ಪೆಟ್ಟಿಗೆಗೆ ಕೊಡುತ್ತದೆ. ಬಹಳ ನಿಧಾನವಾಗಿ, ಒಂದೊಂದೇ ಬಿಟ್ (ಒಂದು ಸೊನ್ನೆ ಇಲ್ಲವೇ ಒಂದು) ಅಷ್ಟೇ ಹೋಗುತ್ತದೆ. ನಗಬೇಡಿ, ತೈಲ ಬಾವಿ ಕೊರೆಯುವವರು ಕೂಡ ಆಳದಿಂದ ಕೊರೆಯುವ ಕೆಸರಿನ ಮೂಲಕ ಒತ್ತಡದ ಮಿಡಿತ ಕಳಿಸಿ ಹೀಗೇ ನಿಧಾನವಾಗಿ ಮಾತಾಡುತ್ತಾರೆ. ಬೇಗ ಮಾತಾಡಿದರೆ ಪ್ರತಿಧ್ವನಿ ಬಂದು ಮುಂದಿನ ಮಾತಿನ ಮೇಲೆ ಬೀಳುತ್ತದೆ. 350 ಮೀಟರ್ ಹೋಗಿ ಬರಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕಲ್ಲ. ಸ್ವರ 4000 ಹರ್ಟ್ಸ್‌ಗಿಂತ ಸಾಕಷ್ಟು ಕೆಳಗಿರಬೇಕು. ಈ ಅಳತೆಯ ಪೈಪಿನಲ್ಲಿ ಅದರ ಮೇಲೆ ಹೋದರೆ ಸದ್ದು ನೇರ ಹೋಗದೆ ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಕಲಸಿಹೋಗುತ್ತದೆ.

ಒಂದು ಬೆಳಿಗ್ಗೆಯಿಂದ ಬರೀ ಒಂದುಗಳೇ ಬರತೊಡಗಿದವು. ಸೊನ್ನೆ ಮಾಯ.

ಇಂಥ ತೊಂದರೆಗೆ ಸ್ವರ ಬದಲಿಸುತ್ತಾ ಹೋಗುವುದೇ ಸರಿಯಾದ ದಾರಿ. ಕಳಿಸುವ ಕಡೆ 300 ಹರ್ಟ್ಸ್‌ನಿಂದ 900ರವರೆಗೆ 5 ಹರ್ಟ್ಸ್ ಹೆಜ್ಜೆಯಲ್ಲಿ ಏರುತ್ತಾ ಹೋಗಿ, ಕೇಳುವ ಕಡೆ ಮಟ್ಟ ಬರೆದುಕೊಳ್ಳಿ. ಎಲ್ಲ ಸ್ವರವೂ ಒಟ್ಟಿಗೆ ಕುಗ್ಗಿದ್ದರೆ ಗಾಳಿ, ಇಲ್ಲವೇ ಮುಚ್ಚಿದ ವಾಲ್ವ್, ಇಲ್ಲವೇ ಮೈಕೇ ಸತ್ತಿದೆ. ಬಾಚಣಿಗೆ ಹಲ್ಲಿನಂತೆ ಸಮ ಅಂತರದಲ್ಲಿ ಏರಿಳಿದರೆ ಎಲ್ಲೋ ಪ್ರತಿಧ್ವನಿ ಇದೆ. ವೇಗವನ್ನು ಆ ಅಂತರದ ಎರಡರಷ್ಟರಿಂದ ಭಾಗಿಸಿದರೆ ಎಷ್ಟು ದೂರದಲ್ಲಿ ಅಂತಲೂ ಸಿಗುತ್ತದೆ. 25 ಹರ್ಟ್ಸ್‌ಗೊಮ್ಮೆ ಏರಿಳಿದರೆ 25 ಮೀಟರ್ ಆಚೆ ಏನೋ ಅಡ್ಡ ಇದೆ. ಎಲ್ಲ ಸರಿ ಇದ್ದು ಒಂದೇ ಸ್ವರದ ಹತ್ತಿರ ಸದ್ದಿನ ಮಟ್ಟ ಕುಸಿದು ಆಳವಾದ ಕುಳಿ ಬಿದ್ದಿದ್ದರೆ ಕವಲು ಪೈಪ್ ಹುಡುಕಿ.

ನಮ್ಮದು ಮೂರನೆಯ ಜಾತಿ. ಕುಳಿ 520ರಲ್ಲೇ ಇತ್ತು, ಎರಡೂ ಬದಿಗೆ 25 ಹರ್ಟ್ಸ್‌ನಷ್ಟು ಅಗಲ. ಲೈನ್ ಗುಂಟ ನಡೆದು ನೋಡಿದರೆ ಟ್ಯಾಂಕರ್ ತುಂಬಲು ಅಂತ ಹೊಸದಾಗಿ ಒಂದು 80 ಮಿ.ಮೀ. ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಮೇಲಕ್ಕೆ ಎತ್ತಿ ವಾಲ್ವ್ ಕೂಡಿಸಿದ್ದರು. ಬೇಸಿಗೆ ಅಲ್ವಾ, ಟ್ಯಾಂಕರ್ ಓಡಾಟ ಇದ್ದೇ ಇರುತ್ತದೆ. ಕವಲಿನಿಂದ ವಾಲ್ವಿನವರೆಗೆ 65 ಸೆಂಟಿಮೀಟರ್.

ತುದಿ ಮುಚ್ಚಿದ ಕವಲಿನೊಳಗೆ ಸದ್ದು ಹೋಗಿ, ಮುಚ್ಚಿದ ವಾಲ್ವಿಗೆ ತಾಗಿ ಹಿಂದಿರುಗುತ್ತದೆ. ಕವಲಿನ ಉದ್ದ ಅಲೆಯ ಉದ್ದದ ಕಾಲು ಭಾಗ ಆಗಿದ್ದರೆ, ಹಿಂದಿರುಗಿದ ಸದ್ದು ಮುಖ್ಯ ಪೈಪಿನ ಸದ್ದಿಗೆ ಸರಿ ಎದುರಾಗಿ ನಿಂತು ಅದನ್ನು ಅಳಿಸುತ್ತದೆ. ಆ ಜಿ.ಐ. ಪೈಪಿನಲ್ಲಿ ವೇಗ ಸುಮಾರು 1360. ಅದನ್ನು 65 ಸೆಂಟಿಮೀಟರಿನ ನಾಲ್ಕರಷ್ಟರಿಂದ, ಅಂದರೆ 2.6ರಿಂದ ಭಾಗಿಸಿದರೆ 523. ನಮ್ಮ 520ಕ್ಕೆ ತೀರ ಹತ್ತಿರ ಬಂತು. ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಇದೆಯಲ್ಲ, ನೆಲದೊಳಗಿನ ನೀರಿನ ಸುರಂಗ, ಅದಕ್ಕೆ ಮೇಲಿನಿಂದ ಬಾವಿಯಂಥ ಬಾಯಿಗಳು. ಅಲ್ಲಿ ಒಮ್ಮೆ ಕೂಗಿ ನೋಡಿದಾಗ ಪ್ರತಿ ಬಾಯಿ ದಾಟುವಾಗಲೂ ಸದ್ದು ಬದಲಾಗುತ್ತಿದೆ ಅನಿಸಿತ್ತು. ಪೈಪಿನ ಕವಲು ನೋಡಿದಾಗ ಅದು ನೆನಪಾಯಿತು. ಅಲ್ಲಿ ಬಾಯಿ ತೆರೆದಿದೆ, ಇಲ್ಲಿ ಮುಚ್ಚಿದೆ, ಅದರಿಂದ ಲೆಕ್ಕ ಬೇರೆ. ಆದರೆ ಪಕ್ಕದ ದಾರಿ ಸದ್ದನ್ನು ಸುಮ್ಮನೆ ಬಿಡುವುದಿಲ್ಲ ಅನ್ನುವುದು ಎರಡೂ ಕಡೆ ಒಂದೇ.

ಅನುಮಾನ ಖಚಿತ ಮಾಡಿಕೊಳ್ಳಲು ವಾಲ್ವಿನ ಮೇಲೆ 30 ಸೆಂಟಿಮೀಟರಿನ ಒಂದು ಪೈಪ್ ತುಂಡು ಕೂಡಿಸಿ, ತುದಿಗೆ ಕ್ಯಾಪ್ ಹಾಕಿ, ಗಾಳಿ ಹೋಗುವಂತೆ ನೀರು ತುಂಬಿ, ವಾಲ್ವ್ ತೆರೆದು ಬಿಟ್ಟೆವು. ಕವಲು 95 ಸೆಂಟಿಮೀಟರ್ ಆಯಿತು. ಕುಳಿ 360ರ ಹತ್ತಿರ ಇಳಿಯಿತು, 520 ಮತ್ತೆ ಕೇಳಿಸಿತು. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ತುಂಡಿನಲ್ಲಿ ಗಾಳಿ ಉಳಿದರೆ ಲೆಕ್ಕ ಪೂರ್ತಿ ಬದಲಾಗುತ್ತದೆ, ಅದಕ್ಕೇ ಗಾಳಿ ತೆಗೆಯುವ ಮಾತು ಮತ್ತೆ ಹೇಳಿದೆ.

ಟ್ಯಾಂಕರ್ ಪಾಯಿಂಟ್ ಕೀಳಿಸಲು ಹೋಗಲಿಲ್ಲ. ಬೇಸಿಗೆಯಲ್ಲಿ ಅದನ್ನು ಕೀಳಿಸಿ ಬಡಾವಣೆಯಲ್ಲಿ ಮುಖ ತೋರಿಸುವುದು ಹೇಗೆ? ತುಂಡು ಬಿಚ್ಚಿ, ಸೊನ್ನೆಯ ಸ್ವರವನ್ನು 520ರಿಂದ 600ಕ್ಕೆ ಬದಲಿಸಿದೆವು. ಕುಳಿಯ ಅಂಚಿನಿಂದ ದೂರ, ಮುಂದಿನ ಕುಳಿ ಬರುವುದು ಮೂರು ಪಟ್ಟಿಗೆ, 1570ರ ಹತ್ತಿರ. ಅವತ್ತಿನಿಂದ ಸುದ್ದಿ ಸರಿಯಾಗಿ ಬರುತ್ತಿದೆ. ಟ್ಯಾಂಕರ್ ತುಂಬುವ ಹೊತ್ತಿನಲ್ಲಿ ಮಾತ್ರ ಚಿಮ್ಮುವ ನೀರಿನ ಗದ್ದಲಕ್ಕೆ ಏನೂ ಕೇಳುವುದಿಲ್ಲ. ಅದಕ್ಕೆ ಒಂದೇ ಲೆಕ್ಕವನ್ನು ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಕಳಿಸುವಂತೆ ಮಾಡಿದ್ದೇವೆ.

ಜಾಯಿಂಟ್ ಸರಿಪಡಿಸಿದ ಮೇಲೆ ವಾಶೌಟ್ ಪರೀಕ್ಷೆ ಮತ್ತೊಮ್ಮೆ ಮಾಡಿದೆವು. ಅದೇ 371 ಬಂತು. ಈಗ ಎರಡನೇ ಚೇಂಬರಿನ ಗೋಡೆಗೆ ಕಾಕಾ ಬಿಳಿ ಪೇಂಟಿನಲ್ಲಿ ಬರೆಸಿದ್ದಾರೆ: 400 ಮೀ., 371 ಮಿ.ಸೆ., ನಾಲಾದಲ್ಲಿ 5 ಪಿವಿಸಿ, ಅಳೆಯುವ ಮೊದಲು ದಿಬ್ಬದ ಗಾಳಿ ಬಿಡುವುದು.